ರದ್ದಿ ರಟ್ಟಿಗೆ ಮರಳಿ ಕಸುವು: ನ್ಯಾನೊಸೆಲ್ಯುಲೋಸ್ ಮತ್ತು ನಮ್ಮ ಹುಲ್ಲು, ಹತ್ತಿ

(ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಇವತ್ತು ನಾನು ಮಾತನಾಡಬೇಕೆಂದಿರುವುದು ರಟ್ಟಿನ ಡಬ್ಬಿಯ ಬಗ್ಗೆ. ಸಿಂಧನೂರಿನ ಯಾವ ಅಂಗಡಿಯ ಹಿಂಬದಿಗೆ ಹೋದರೂ ಅದರ ರಾಶಿ ಕಾಣುತ್ತದೆ. ಔಷಧಿ, ಬಿಸ್ಕತ್ತು, ಎಣ್ಣೆ ಪ್ಯಾಕೆಟ್ಟು, ಹೊಲಕ್ಕೆ ಹೊಡೆಯುವ ಎಣ್ಣೆಯ ಬಾಟಲಿ, ಎಲ್ಲವೂ ಬರುವುದು ಅದರಲ್ಲೇ. ಒಳಗಿನ ಸರಕು ಮಾರಾಟವಾದ ಮೇಲೆ ಡಬ್ಬಿಯನ್ನು ಚಪ್ಪಟೆ ಮಾಡಿ ಗುಜರಿಗೆ ಹಾಕುತ್ತಾರೆ. ಗುಜರಿಯವರು ಅದನ್ನು ಕಟ್ಟಿ ಲಾರಿಗೆ ಏರಿಸುತ್ತಾರೆ. ಅದು ಒಂದು ಕಾಗದದ ಮಿಲ್ಲಿಗೆ ಹೋಗಿ ನೀರಿನಲ್ಲಿ ಕರಗಿ, ಮತ್ತೆ ಹಾಳೆಯಾಗಿ, ಮತ್ತೆ ಡಬ್ಬಿಯಾಗಿ ಇನ್ನೊಂದು ಊರಿನ ಇನ್ನೊಂದು ಅಂಗಡಿಗೆ ಬರುತ್ತದೆ. ನಮ್ಮ ದೇಶದಲ್ಲಿ ತಯಾರಾಗುವ ಕಾಗದ ಮತ್ತು ರಟ್ಟಿನಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೀಗೆ ರದ್ದಿಯಿಂದಲೇ ಆಗುತ್ತದೆ. ನಮ್ಮ ರಾಜ್ಯದಲ್ಲೇ ನಂಜನಗೂಡಿನ ಸೌತ್ ಇಂಡಿಯಾ ಪೇಪರ್ ಮಿಲ್ಸ್ ರದ್ದಿಯನ್ನು ನಂಬಿ ಡಬ್ಬಿಯ ಕಾಗದ ಮಾಡುತ್ತಿದೆ.

ಇದು ಒಳ್ಳೆಯ ಕೆಲಸ. ಮರ ಉಳಿಯುತ್ತದೆ, ಕಸ ಕಡಿಮೆಯಾಗುತ್ತದೆ, ಗುಜರಿ ಹೆಕ್ಕುವವರ ಮನೆಯಲ್ಲಿ ಒಲೆ ಉರಿಯುತ್ತದೆ. ಆದರೆ ಡಬ್ಬಿ ವ್ಯಾಪಾರದಲ್ಲಿ ಇರುವವರನ್ನು ಕೇಳಿ ನೋಡಿ. ಕಾಗದ ಕೊಳ್ಳುವಾಗ ಅವರು ಎರಡು ಅಂಕಿ ಕೇಳುತ್ತಾರೆ: ಜಿ.ಎಸ್.ಎಂ. ಎಷ್ಟು, ಬಿ.ಎಫ್. ಎಷ್ಟು. ಮೊದಲನೆಯದು ಒಂದು ಚದರ ಮೀಟರ್ ಹಾಳೆಯ ತೂಕ. ಎರಡನೆಯದು ಆ ತೂಕಕ್ಕೆ ಹೋಲಿಸಿದರೆ ಹಾಳೆ ಸಿಡಿಯದೆ ಎಷ್ಟು ಒತ್ತಡ ತಡೆಯುತ್ತದೆ ಎಂಬ ಲೆಕ್ಕ. ಒಂದೇ ನಾರು ಮತ್ತೆ ಮತ್ತೆ ಸುತ್ತು ಹಾಕಿದಂತೆ ಈ ಎರಡನೆಯ ಅಂಕಿ ಇಳಿಯುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಮಿಲ್ಲಿನವರು ಹಾಳೆಯನ್ನು ದಪ್ಪ ಮಾಡುತ್ತಾರೆ, ಡಬ್ಬಿ ಮಾಡುವವರು ಮೂರು ಪ್ಲೈ, ಅಂದರೆ ಮೂರು ಪದರ, ಸಾಕಾಗಿದ್ದ ಕಡೆ ಐದು ಪ್ಲೈ ಹಾಕುತ್ತಾರೆ. ಅಂದರೆ ಉಳಿಸಿದ್ದನ್ನೇ ಮತ್ತೆ ಖರ್ಚು ಮಾಡುತ್ತೇವೆ.

ರದ್ದಿಯ ನಾರಿಗೆ ಏನಾಗುತ್ತದೆ? ಅದನ್ನು ತಿಳಿಯದೆ ನ್ಯಾನೊಸೆಲ್ಯುಲೋಸ್ ಎಂಬ ಮದ್ದಿನ ಬೆಲೆ ತಿಳಿಯುವುದಿಲ್ಲ. ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗೋಣ.

1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಎಂಬ ರಸಾಯನ ವಿಜ್ಞಾನಿ ಗಿಡಮರಗಳ ಒಡಲಿನಿಂದ ಒಂದು ಗಟ್ಟಿ ಪದಾರ್ಥವನ್ನು ಬೇರೆ ಮಾಡಿ ತೋರಿಸಿದ. ಅದೇ ಸೆಲ್ಯುಲೋಸ್. ನೀವು ಬೆಳೆಯುವ ನೆಲ್ಲಿನ ಕಾಳಿನಲ್ಲಿರುವ ಪಿಷ್ಟವೂ ಗ್ಲೂಕೋಸ್ ಸಕ್ಕರೆಯ ಸರಪಳಿ, ಅದೇ ನೆಲ್ಲಿನ ಹುಲ್ಲಿನಲ್ಲಿರುವ ಸೆಲ್ಯುಲೋಸೂ ಗ್ಲೂಕೋಸ್ ಸಕ್ಕರೆಯದೇ ಸರಪಳಿ. ಕೊಂಡಿ ಹಾಕುವ ರೀತಿಯಷ್ಟೇ ಬೇರೆ. ಪಿಷ್ಟದಲ್ಲಿ ಸರಪಳಿ ಸುರುಳಿ ಸುತ್ತುತ್ತದೆ, ಆದ್ದರಿಂದ ಅನ್ನ ನಮಗೆ ಜೀರ್ಣವಾಗುತ್ತದೆ. ಸೆಲ್ಯುಲೋಸಿನಲ್ಲಿ ಸರಪಳಿ ನೇರವಾಗಿ ಚಾಚಿಕೊಂಡು, ಪಕ್ಕದ ಸರಪಳಿಯ ಜೊತೆ ಒತ್ತಾಗಿ ಕೂರುತ್ತದೆ. ಅದನ್ನು ಬಿಡಿಸಲು ಎತ್ತು ಎಮ್ಮೆಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ಬೇಕು.

ಹೀಗೆ ಒತ್ತಾಗಿ ಕೂತ ಹತ್ತಾರು ಸರಪಳಿಗಳ ಕಟ್ಟೇ ಅತಿ ಸಣ್ಣ ಎಳೆ. ಅದರ ಅಡ್ಡಳತೆ ಮೂರು ನಾಲ್ಕು ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಇಂಥ ಎಳೆಗಳು ಸೇರಿ ದೊಡ್ಡ ಎಳೆ, ದೊಡ್ಡ ಎಳೆಗಳು ಪದರ ಪದರವಾಗಿ ಸುತ್ತಿಕೊಂಡು ಒಂದು ನಾರು. ಕಾಗದಕ್ಕೆ ಬಳಸುವ ಮರದ ನಾರು ಒಂದರಿಂದ ಮೂರು ಮಿಲಿಮೀಟರ್ ಉದ್ದ. ದಪ್ಪದಲ್ಲಿ ನಮ್ಮ ತಲೆಕೂದಲಿಗಿಂತ ತೆಳು, ಆದರೂ ಆ ಮೂಲ ಎಳೆಯ ಮುಂದೆ ಸಾವಿರಾರು ಪಟ್ಟು ದಪ್ಪ. ನ್ಯಾನೊಸೆಲ್ಯುಲೋಸ್ ಎಂದರೆ ಹೊರಗಿನಿಂದ ತಂದ ಯಾವುದೋ ಹೊಸ ರಾಸಾಯನಿಕವಲ್ಲ. ನಾರನ್ನು ಬಿಡಿಸುತ್ತಾ ಬಿಡಿಸುತ್ತಾ ಹೋಗಿ ತಲುಪಿದ ಆ ಸಣ್ಣ ಎಳೆಯೇ ಅದು.

ಇನ್ನು ಹಾಳೆಯ ವಿಷಯ. ಕಾಗದದಲ್ಲಿ ನಾರಿಗೆ ನಾರನ್ನು ಯಾರೂ ಹೆಣೆದಿರುವುದಿಲ್ಲ. ನೀರಿನಲ್ಲಿ ತೇಲುವ ನಾರನ್ನು ಜಾಲರಿಯ ಮೇಲೆ ಸುರಿಯುತ್ತಾರೆ, ನೀರು ಇಳಿಯುತ್ತದೆ, ಒತ್ತುತ್ತಾರೆ, ಉಗಿಯಿಂದ ಕಾಯಿಸಿದ ಉರುಳೆಗಳ ಮೇಲೆ ಒಣಗಿಸುತ್ತಾರೆ. ನೀರು ಹೊರಡುವಾಗ ಪಕ್ಕಪಕ್ಕದ ನಾರುಗಳನ್ನು ಒಂದಕ್ಕೊಂದು ಎಳೆದು ತಂದು ಕೂಡಿಸಿ ಹೋಗುತ್ತದೆ. ತಾಗಿದ ಕಡೆಯಲ್ಲೆಲ್ಲ ಹೈಡ್ರೋಜನ್ ಬಂಧಗಳು ಹುಟ್ಟುತ್ತವೆ. ಒಂದೊಂದು ಬಂಧವೂ ದುರ್ಬಲ, ಆದರೆ ಲೆಕ್ಕವಿಲ್ಲದಷ್ಟು ಇರುವುದರಿಂದ ಹಾಳೆ ನಿಲ್ಲುತ್ತದೆ. ಹಸಿ ನಾರು ನೀರು ಕುಡಿದು ಉಬ್ಬಿ ಮೆತ್ತಗಿರುತ್ತದೆ, ಒತ್ತಿದರೆ ಪಟ್ಟಿಯಂತೆ ಚಪ್ಪಟೆಯಾಗಿ ಪಕ್ಕದ ನಾರಿಗೆ ಅಗಲವಾಗಿ ಅಂಟಿಕೊಳ್ಳುತ್ತದೆ. ಕಾಗದದ ಬಲದ ಗುಟ್ಟು ಇಲ್ಲಿದೆ.

ಒಮ್ಮೆ ಕಾದು ಒಣಗಿದ ನಾರಿನಲ್ಲಿ ಈ ಗುಣ ಕುಂದುತ್ತದೆ. ನಾರಿನ ಗೋಡೆಯೊಳಗಿದ್ದ ಸಣ್ಣ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಒಳಗೊಳಗೇ ಎಳೆಗಳು ಬೆಸೆದುಕೊಳ್ಳುತ್ತವೆ. ಮತ್ತೆ ನೀರಿಗೆ ಹಾಕಿದರೂ ಅವುಗಳಲ್ಲಿ ಎಷ್ಟೋ ತೆರೆದುಕೊಳ್ಳುವುದಿಲ್ಲ. 1944ರಲ್ಲಿ ಜರ್ಮನಿಯ ಯೆಯ್ಮೆ ಎಂಬ ಕಾಗದ ವಿಜ್ಞಾನಿ ಇದನ್ನು ನಾರು ಕೊಂಬಿನಂತೆ ಗಡಸಾಗುವುದು ಎಂದು ವರ್ಣಿಸಿದ. ನಮ್ಮ ಭಾಗದ ಕಟಕ ರೊಟ್ಟಿ ನಿಮಗೆ ಗೊತ್ತಿದೆ. ಅದನ್ನು ಸಾರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ, ತಿನ್ನಲೂ ಬರುತ್ತದೆ, ಆದರೆ ಅದನ್ನು ಕಲಸಿ ಮತ್ತೊಂದು ರೊಟ್ಟಿ ಬಡಿಯಲು ಬರುವುದಿಲ್ಲ. ರದ್ದಿಯ ನಾರಿನ ಸ್ಥಿತಿಯೂ ಹಾಗೇ. ನೀರಿನಲ್ಲಿ ಬಿಡಿಸಿಕೊಳ್ಳುತ್ತದೆ, ಹಾಳೆಯೂ ಆಗುತ್ತದೆ, ಆದರೆ ಗಡಸಾಗಿ ಉಳಿದ ನಾರು ಪಕ್ಕದ ನಾರಿಗೆ ಮೈ ಕೊಡುವುದಿಲ್ಲ.

ನಾರು ಏಳೆಂಟು ಸುತ್ತಿಗೆ ಮುಗಿದೇಹೋಗುತ್ತದೆ ಎಂಬ ಮಾತು ಬಹಳ ಕಾಲದಿಂದ ಇದೆ. 2021ರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರು ರಟ್ಟಿನ ನಾರನ್ನು 25 ಸಲ ಸುತ್ತಿಸಿ, ಅದರ ಗುಣ ಹೇಳಿಕೊಳ್ಳುವಷ್ಟು ಕೆಡುವುದಿಲ್ಲ ಎಂದು ವರದಿ ಮಾಡಿದರು. ಈ ಮಾತಿನಿಂದ ನನಗೆ ಧೈರ್ಯ ಬರುತ್ತದೆ. ನಾರು ಸತ್ತುಹೋಗಿಲ್ಲ, ಮೊದಲ ಕೆಲವು ಸುತ್ತುಗಳಲ್ಲಿ ಅಂಟುವ ಶಕ್ತಿಯನ್ನು ಕಳೆದುಕೊಂಡಿದೆ ಅಷ್ಟೆ. ಕಳೆದುಕೊಂಡಿದ್ದನ್ನು ಹೊರಗಿನಿಂದ ಕೊಡಲು ಬರುತ್ತದೆ.

ಕೊಡುವ ಹಳೆಯ ದಾರಿಗಳು ಮೂರು. ಹೊಸ ಉದ್ದ ನಾರನ್ನು ಬೆರೆಸುವುದು, ಪಿಷ್ಟ ಹಾಕುವುದು, ನಾರನ್ನು ರಿಫೈನರ್‌ನಲ್ಲಿ ಜಜ್ಜುವುದು. ಹೊಸ ನಾರು ದುಬಾರಿ. ಪಿಷ್ಟ ಒಂದು ಮಿತಿಯವರೆಗೆ ಮಾತ್ರ ಹಾಳೆಯಲ್ಲಿ ನಿಲ್ಲುತ್ತದೆ, ಉಳಿದದ್ದು ನೀರಿನ ಜೊತೆ ಹೋಗಿ ಮೋರಿಯನ್ನು ಕೆಡಿಸುತ್ತದೆ. ಜಜ್ಜಿದರೆ ನಾರಿನ ಮೈ ತರಚಿ ಅಂಟು ಹೆಚ್ಚುವುದು ನಿಜ, ಜೊತೆಗೆ ನಾರು ತುಂಡಾಗುತ್ತಲೂ ಹೋಗುತ್ತದೆ. ಮುದಿ ನಾರನ್ನು ಎಷ್ಟು ಸಲ ಜಜ್ಜಲು ಸಾಧ್ಯ?

ನ್ಯಾನೊಸೆಲ್ಯುಲೋಸ್ ನಾಲ್ಕನೆಯ ದಾರಿ. ಎಲ್ಲ ನಾರನ್ನೂ ಹಿಂಸಿಸುವ ಬದಲು, ನೂರರಲ್ಲಿ ಎರಡರಿಂದ ಐದು ಪಾಲು ನಾರನ್ನು ಮಾತ್ರ ಬೇರೆ ತೆಗೆದು ಪೂರ್ತಿಯಾಗಿ ಎಳೆಗಳಾಗಿ ಬಿಡಿಸಿ, ಉಳಿದ ತೊಂಬತ್ತೈದರಿಂದ ತೊಂಬತ್ತೆಂಟು ಪಾಲಿಗೆ ಬೆರೆಸುವುದು.

ಇದರ ಕಥೆ 1970ರ ದಶಕದ ಕೊನೆಯಲ್ಲಿ ಅಮೆರಿಕದ ಐ.ಟಿ.ಟಿ. ರೇಯೋನಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಶುರುವಾಯಿತು. ಟರ್ಬಾಕ್ ಮತ್ತು ಅವರ ಜೊತೆಗಾರರು ಮರದ ಪಲ್ಪನ್ನು, ಅಂದರೆ ಬಿಡಿಸಿದ ನಾರಿನ ಮುದ್ದೆಯನ್ನು, ನೀರಿನಲ್ಲಿ ಕಲಸಿ, ಹಾಲಿನ ಕೆನೆ ಕಟ್ಟದಂತೆ ಮಾಡಲು ಡೇರಿಗಳಲ್ಲಿ ಬಳಸುವ ಹೋಮೊಜಿನೈಸರ್ ಯಂತ್ರದೊಳಗೆ ಹೆಚ್ಚಿನ ಒತ್ತಡದಲ್ಲಿ ಹಾಯಿಸಿದರು. ಹೊರಗೆ ಬಂದದ್ದು ತೆಳ್ಳನೆಯ ಪಲ್ಪ್ ನೀರಲ್ಲ, ಗಟ್ಟಿ ಗಂಜಿಯಂಥ ಜೆಲ್. ನೂರು ಕಿಲೋದಲ್ಲಿ ಎರಡು ಮೂರು ಕಿಲೋ ಮಾತ್ರ ನಾರು, ಉಳಿದದ್ದೆಲ್ಲ ನೀರು, ಆದರೂ ಪಾತ್ರೆ ಬಗ್ಗಿಸಿದರೆ ಹರಿಯದು. 1983ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆಮೇಲೆ ಇಪ್ಪತ್ತು ವರ್ಷ ಈ ವಿಷಯ ಹೆಚ್ಚು ಮುಂದೆ ಹೋಗಲಿಲ್ಲ. ಕಾರಣ ಕರೆಂಟು. ಒಂದು ಟನ್ ಒಣ ನಾರನ್ನು ಹೀಗೆ ಬಿಡಿಸಲು 25,000ದಿಂದ 30,000 ಯೂನಿಟ್ ವಿದ್ಯುತ್ ಬೇಕಾಗುತ್ತಿತ್ತು. ಡಬ್ಬಿ ಮಾಡುವ ಯಾವ ಮಿಲ್ಲು ತಾನೇ ಅಷ್ಟನ್ನು ಭರಿಸೀತು?

ಬಾಗಿಲು ತೆರೆದದ್ದು ಎರಡು ಕಡೆಯಿಂದ. ಟೋಕಿಯೊ ವಿಶ್ವವಿದ್ಯಾಲಯದ ಅಕಿರಾ ಇಸೊಗಾಯಿ ಮತ್ತು ತ್ಸುಗುಯುಕಿ ಸೈತೊ ಅವರು ಟೆಂಪೊ ಎಂಬ ವೇಗವರ್ಧಕದಿಂದ ಎಳೆಗಳ ಮೈಮೇಲೆ ಋಣ ವಿದ್ಯುದಂಶ ಕೂರಿಸಿದರು. ಒಂದೇ ಬಗೆಯ ವಿದ್ಯುದಂಶಗಳು ದೂಡಿಕೊಳ್ಳುವುದರಿಂದ ಆಮೇಲೆ ಯಂತ್ರದಲ್ಲಿ ಸ್ವಲ್ಪ ಕಲಕಿದರೂ ಎಳೆಗಳು ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಆ ಕೆಲಸಕ್ಕೆ 2015ರಲ್ಲಿ ಅವರಿಗೂ ಯೊಶಿಹಾರು ನಿಶಿಯಾಮಾ ಅವರಿಗೂ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ ಬಂತು. ತುಂಬ ಸುಂದರವಾದ ವಿಜ್ಞಾನ, ಗಾಜಿನಂತೆ ಪಾರದರ್ಶಕವಾದ ಜೆಲ್. ಆದರೆ ರಟ್ಟಿನ ಡಬ್ಬಿಗೆ ಅದು ಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ದುಬಾರಿ, ನೀರನ್ನೂ ಅತಿಯಾಗಿ ಹಿಡಿದುಕೊಳ್ಳುತ್ತದೆ. ಡಬ್ಬಿಗೆ ಸಾಕಾಗುವುದು ಇದಕ್ಕಿಂತ ಒರಟಾದ, ಹತ್ತಾರು ನ್ಯಾನೊಮೀಟರ್ ದಪ್ಪದ ಎಳೆಗಳ ಮಿಶ್ರಣ.

ಆ ಒರಟು ಬಗೆಗೆ ದಾರಿ ಮಾಡಿದ್ದು ಕಿಣ್ವಗಳು. ಸ್ವೀಡನ್ ಮತ್ತು ಫಿನ್ಲೆಂಡಿನ ಸಂಶೋಧಕರು 2007ರ ಹೊತ್ತಿಗೆ, ಪಲ್ಪಿಗೆ ಮೊದಲು ಕಿಣ್ವ ಉಣಿಸಿ ನಾರಿನ ಕಟ್ಟನ್ನು ಸಡಿಲ ಮಾಡಿಕೊಂಡರೆ ಯಂತ್ರದ ಕೆಲಸ ಎಷ್ಟೋ ಹಗುರವಾಗುತ್ತದೆ ಎಂದು ತೋರಿಸಿದರು. ಕರೆಂಟಿನ ಖರ್ಚು ಹತ್ತನೇ ಒಂದು ಪಾಲಿಗಿಂತ ಕೆಳಗೆ ಇಳಿಯಿತು. ಈ ಕ್ಯಾಂಪ್‌ಗಳಲ್ಲಿ ಕೂತಿರುವ ಹಿರಿಯರಿಗೆ ಇದು ಹೊಸದಲ್ಲ ಎಂದೇ ನನಗೆ ಅನಿಸುತ್ತದೆ. ಅರ್ಧ ಶತಮಾನದ ಹಿಂದೆ ಪೂರ್ವ ಬಂಗಾಳದ ನೀರಿನ ನಾಡಿನಿಂದ ಮನೆಮಠ ಬಿಟ್ಟು ಬಂದವರು ನೀವು. ಸೆಣಬಿನ ಗಿಡ ಕೊಯ್ದು, ಕಟ್ಟು ಕಟ್ಟಿ, ನಿಂತ ನೀರಿನಲ್ಲಿ ಮುಳುಗಿಸಿ, ಅದು ಕೊಳೆತು ಹದಕ್ಕೆ ಬಂದ ಮೇಲೆ ನಾರು ಸುಲಿಯುವ ವಿದ್ಯೆ ಆ ನಾಡಿನದು. ಈ ನೆಲದಲ್ಲಿ ಮೊದಲಿನಿಂದ ಇದ್ದವರು ಪುಂಡಿ ಗಿಡದ ಸೊಪ್ಪನ್ನು ಪಲ್ಯಕ್ಕೆ ಇಟ್ಟುಕೊಂಡು, ಕಟ್ಟಿಗೆಯನ್ನು ಹಳ್ಳದಲ್ಲಿ ಕೊಳೆಹಾಕಿ, ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು. ಎರಡೂ ಕಡೆ ಕೆಲಸ ಮಾಡಿದ್ದು ನೀರಿನೊಳಗಿನ ಸೂಕ್ಷ್ಮಜೀವಿಗಳು ಬಿಟ್ಟ ಕಿಣ್ವಗಳೇ. ನಾರನ್ನು ನಾರಿಗೆ ಹಿಡಿದಿಟ್ಟಿದ್ದ ಪೆಕ್ಟಿನ್ ಎಂಬ ಅಂಟನ್ನು ಅವು ಕರಗಿಸಿದವು, ಸೆಲ್ಯುಲೋಸನ್ನು ಬಿಟ್ಟವು. ಹೊತ್ತು ಮೀರಿದರೆ ನಾರೂ ಕೊಳೆಯುತ್ತದೆ, ಹದ ನೋಡಿ ತೆಗೆಯಬೇಕು ಎಂಬುದು ನಿಮ್ಮ ಹಿರಿಯರ ಕೈಗೆ ಗೊತ್ತಿತ್ತು. ಕಿಣ್ವ ಬಳಸುವ ಇಂದಿನ ಎಂಜಿನಿಯರಿಗೂ ಇರುವ ತಲೆನೋವು ಅದೇ.

ಈಗ ಆ ಎಳೆಗಳು ಹಾಳೆಯೊಳಗೆ ಏನು ಮಾಡುತ್ತವೆ ನೋಡೋಣ. ಗಡಸಾದ ಎರಡು ರದ್ದಿ ನಾರುಗಳು ಅಡ್ಡ ಬಿದ್ದಾಗ ಅವು ತಾಗುವ ಜಾಗ ಬಹಳ ಸಣ್ಣದು, ಸುತ್ತ ಸಂದು. ಆ ಸಂದಿಗೆ ನ್ಯಾನೊ ಎಳೆಗಳು ಇಳಿದು ಎರಡೂ ನಾರುಗಳ ಮೈಗೆ ಹಬ್ಬಿಕೊಳ್ಳುತ್ತವೆ. ನೀರು ಆರುವಾಗ ಎರಡನ್ನೂ ಹಿಡಿದು ಎಳೆಯುತ್ತವೆ. ತಾಗುವ ಜಾಗ ದೊಡ್ಡದಾಗುತ್ತದೆ, ಬಂಧಗಳ ಸಂಖ್ಯೆ ಏರುತ್ತದೆ. ನ್ಯಾನೊಸೆಲ್ಯುಲೋಸ್ ಉಕ್ಕಿನಂತೆ ಗಟ್ಟಿ ಎಂದು ಎಲ್ಲೆಡೆ ಹೇಳುತ್ತಾರೆ. ಸುಳ್ಳಲ್ಲ: ಸೆಲ್ಯುಲೋಸ್ ಹರಳಿನ ಬಿಗಿತ ಉದ್ದಕ್ಕೆ ಸುಮಾರು 140 ಗಿಗಾಪಾಸ್ಕಲ್, ಉಕ್ಕಿನದು 200, ತೂಕದಲ್ಲಿ ಮಾತ್ರ ಅದು ಉಕ್ಕಿನ ಐದನೇ ಒಂದು ಪಾಲು. ಆದರೆ ಡಬ್ಬಿಗೆ ಆ ಬಿಗಿತದಿಂದ ಸಿಗುವ ಲಾಭ ಕಡಿಮೆ. ರದ್ದಿಯ ಹಾಳೆ ಹರಿಯುವಾಗ ನಾರು ತುಂಡಾಗುವುದಕ್ಕಿಂತ ಹೆಚ್ಚಾಗಿ ನಾರು ನಾರಿನಿಂದ ಜಾರಿಕೊಳ್ಳುತ್ತದೆ. ಆ ಜಾರುವ ಜಾಗವನ್ನು ಬಿಗಿ ಮಾಡುವುದೇ ಇಲ್ಲಿ ನ್ಯಾನೊಸೆಲ್ಯುಲೋಸಿನ ಕೆಲಸ.

ಸ್ಪೇನ್ ದೇಶದ ಮ್ಯಾಡ್ರಿಡ್ ಮತ್ತು ಜಿರೋನಾ ವಿಶ್ವವಿದ್ಯಾಲಯಗಳ ತಂಡಗಳು ಈ ವಿಷಯದಲ್ಲಿ ವರ್ಷಗಟ್ಟಲೆ ದುಡಿದಿವೆ. ಮ್ಯಾಡ್ರಿಡ್‌ನವರು ಮೆಕ್ಕೆಜೋಳದ ದಂಟಿನಿಂದ ನ್ಯಾನೊ ಎಳೆ ತೆಗೆದು ರದ್ದಿ ಕಾಗದಕ್ಕೆ ಬೆರೆಸಿ ನೋಡಿದರು. ಬೆಳೆ ಉಳಿಕೆಯಿಂದ ಎಳೆ, ಎಳೆಯಿಂದ ರದ್ದಿಗೆ ಬಲ: ನಮಗೆ ಬೇಕಾದ ಉದಾಹರಣೆ ಇದೇ. ಪ್ರಯೋಗಾಲಯಗಳಲ್ಲಿ ಹಾಳೆಯ ಎಳೆತದ ಬಲ ಕಾಲು ಪಾಲಿನಷ್ಟು, ಕೆಲವು ಕಡೆ ಅದಕ್ಕಿಂತ ಹೆಚ್ಚು ಏರಿದ ವರದಿಗಳಿವೆ. ಸಿಡಿತದ ಬಲವೂ ಏರುತ್ತದೆ. ಸೀಳುವಿಕೆಯನ್ನು ತಡೆಯುವ ಬಲ ಮಾತ್ರ ಅದೇ ಲೆಕ್ಕದಲ್ಲಿ ಏರುವುದಿಲ್ಲ, ಒಮ್ಮೊಮ್ಮೆ ಇಳಿಯುತ್ತದೆ. ಮಳೆಗಾಲದ ತೇವಕ್ಕೂ ಇದು ಪರಿಹಾರವಲ್ಲ. ನೀರು ಕಟ್ಟಿದ ಬಂಧವನ್ನು ನೀರೇ ಬಿಚ್ಚುತ್ತದೆ, ಒದ್ದೆ ಗೋದಾಮಿನಲ್ಲಿ ನ್ಯಾನೊಸೆಲ್ಯುಲೋಸ್ ಹಾಕಿದ ಡಬ್ಬಿಯೂ ಕುಸಿಯುತ್ತದೆ.

ಇನ್ನು ಇದರ ನಿಜವಾದ ಸಮಸ್ಯೆ, ನೀರು. ಕಾಗದದ ಯಂತ್ರ ಎಂದರೆ ನೀರು ತೆಗೆಯುವ ಯಂತ್ರ. ಜಾಲರಿಯಲ್ಲಿ ಬಸಿದು, ಉರುಳೆಗಳಲ್ಲಿ ಹಿಂಡಿ, ಉಳಿದದ್ದನ್ನು ಉಗಿಯಿಂದ ಹಾರಿಸುತ್ತಾರೆ. ಹಿಂಡುವ ಕಡೆ ಒಣತನ ನೂರಕ್ಕೆ ಒಂದು ಹೆಚ್ಚಾದರೆ ಉಗಿ ನೂರಕ್ಕೆ ನಾಲ್ಕರಷ್ಟು ಉಳಿಯುತ್ತದೆ ಎಂಬುದು ಮಿಲ್ಲಿನವರ ರೂಢಿಯ ಲೆಕ್ಕ. ನ್ಯಾನೊ ಎಳೆ ನೀರನ್ನು ಬಿಡಲು ಒಪ್ಪುವುದಿಲ್ಲ. ಅಳತೆ ಮೀರಿ ಹಾಕಿದರೆ ಜಾಲರಿಯ ಮೇಲೆ ನೀರು ಇಳಿಯದೆ ಯಂತ್ರದ ವೇಗ ತಗ್ಗಿಸಬೇಕಾಗುತ್ತದೆ, ಉಳಿಸಿದ ನಾರಿನ ಹಣ ಕಲ್ಲಿದ್ದಲಿಗೆ ಹೋಗುತ್ತದೆ. ಧನ ವಿದ್ಯುದಂಶದ ಪಿಷ್ಟದಂಥ ಪದಾರ್ಥಗಳನ್ನು ಜೊತೆಗೆ ಹಾಕಿ ಎಳೆಗಳನ್ನು ನಾರಿನ ಮೈಗೆ ಕೂರಿಸಿ ನೀರನ್ನು ಬಿಡಿಸುವುದು ಈಗಿನ ಉಪಾಯ.

ಜೆಲ್ಲನ್ನು ಒಣಗಿಸಿ ಚೀಲ ತುಂಬಿ ಕಳಿಸಬಾರದೇ ಎಂದು ನೀವು ಕೇಳಬಹುದು. ಒಣಗಿಸಿದರೆ ಇದೂ ಗಡಸಾಗುತ್ತದೆ. ರದ್ದಿಯ ನಾರಿಗೆ ಬಂದ ಕಾಯಿಲೆಯೇ ಮದ್ದಿಗೂ ಬರುತ್ತದೆ, ಮತ್ತೆ ನೀರಿನಲ್ಲಿ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಹಾಗಾದರೆ ಜೆಲ್ಲನ್ನೇ ಸಾಗಿಸೋಣವೇ? ಲೆಕ್ಕ ಹಾಕಿ. ದಿನಕ್ಕೆ ನೂರು ಟನ್ ಕಾಗದ ಮಾಡುವ ಮಿಲ್ಲಿಗೆ ನೂರಕ್ಕೆ ಮೂರರಂತೆ ಮೂರು ಟನ್ ಎಳೆ ಬೇಕು. ಜೆಲ್ಲಿನಲ್ಲೂ ನೂರಕ್ಕೆ ಮೂರೇ ಪಾಲು ಎಳೆ ಇರುವುದರಿಂದ ನೂರು ಟನ್ ಜೆಲ್ ಹೋಗಬೇಕು. ಮೂರು ಟನ್ ನಾರಿಗಾಗಿ ತೊಂಬತ್ತೇಳು ಟನ್ ನೀರು ಪ್ರತಿದಿನ ಟ್ಯಾಂಕರಿನಲ್ಲಿ! ಆದ್ದರಿಂದಲೇ ಫೈಬರ್‌ಲೀನ್‌ನಂಥ ಕಂಪನಿಗಳು ಕಾಗದದ ಮಿಲ್ಲಿನ ಆವರಣದೊಳಗೇ ಎಳೆ ಬಿಡಿಸುವ ಘಟಕ ಹಾಕುತ್ತವೆ. ನಮಗೂ ಪಾಠ ಇದೇ. ಸಿಂಧನೂರಿನಲ್ಲಿ ನ್ಯಾನೊಸೆಲ್ಯುಲೋಸ್ ಕಾರ್ಖಾನೆ ಎಂಬ ಘೋಷಣೆ ಯಾರಾದರೂ ಮಾಡಿದರೆ, ಮಗ್ಗುಲಲ್ಲಿ ಕಾಗದದ ಮಿಲ್ಲು ಎಲ್ಲಿದೆ ಎಂದು ಕೇಳಿ. ಇಲ್ಲಿ ಆಗಬಹುದಾದದ್ದು ಅದಕ್ಕೆ ಹಿಂದಿನ ಹಂತ: ಉಳಿಕೆಯನ್ನು ಶುದ್ಧ ಮಾಡಿ ಪಲ್ಪಾಗಿ ಕಳಿಸುವುದು.

ಯಾವ ಉಳಿಕೆ? ಎಲ್ಲರ ಬಾಯಲ್ಲೂ ಬರುವುದು ನೆಲ್ಲುಹುಲ್ಲು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಈ ಎರೆ ಸೀಮೆ ನೆಲ್ಲಿನ ಸೀಮೆಯಾಯಿತು. ಕಟಾವಿನ ಯಂತ್ರ ಬಂದ ಮೇಲೆ ಹುಲ್ಲು ಹೊಲದಲ್ಲೇ ಚೆಲ್ಲಾಪಿಲ್ಲಿಯಾಗಿ ಬೀಳುತ್ತದೆ, ಮುಂದಿನ ಬೆಳೆಗೆ ಹೊತ್ತಾಗುತ್ತದೆ ಎಂದು ಕೆಲವರು ಬೆಂಕಿ ಇಡುತ್ತಾರೆ. ಬೆಂಕಿ ಇಡುವ ರೈತನನ್ನು ಬಯ್ಯುವುದರಿಂದ ಪ್ರಯೋಜನವಿಲ್ಲ, ಹುಲ್ಲಿಗೆ ಬೆಲೆ ಬರಬೇಕು. ಆದರೆ ನ್ಯಾನೊಸೆಲ್ಯುಲೋಸ್ ಆ ಬೆಲೆಯನ್ನು ಎಲ್ಲರಿಗೂ ತಂದುಕೊಡುತ್ತದೆಯೇ? ಮತ್ತೆ ಲೆಕ್ಕಕ್ಕೇ ಬರೋಣ. ಮೂರು ಟನ್ ಪಲ್ಪಿಗೆ ಏಳೆಂಟು ಟನ್ ಹುಲ್ಲು ಸಾಕು. ಮಿಲ್ಲು ವರ್ಷಕ್ಕೆ 330 ದಿನ ನಡೆದರೂ 2,500 ಟನ್ ಆಸುಪಾಸು. ಎಕರೆಗೆ 75 ಕಿಲೋದ 35 ಚೀಲ ನೆಲ್ಲು ಎಂದು ಹಿಡಿದು, ನೆಲ್ಲಿನಷ್ಟೇ ತೂಕದ ಹುಲ್ಲು ಎಂದರೂ, ಸಾವಿರ ಎಕರೆಯ ಒಂದು ಬೆಳೆಯ ಹುಲ್ಲಿನಲ್ಲಿ ಆ ಮಿಲ್ಲಿನ ವರ್ಷದ ಅಗತ್ಯ ತೀರುತ್ತದೆ. ನಮ್ಮ ಅಚ್ಚುಕಟ್ಟು ಲಕ್ಷಾಂತರ ಎಕರೆ. ಹುಲ್ಲಿನ ಸಮಸ್ಯೆಗೆ ನ್ಯಾನೊಸೆಲ್ಯುಲೋಸೇ ಪರಿಹಾರ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ಸ್ವಲ್ಪವೇ ಸಾಕಾಗುವ ಪದಾರ್ಥ, ಇದರ ಹಿರಿಮೆಯೇ ಅದು.

ಹುಲ್ಲಿನಲ್ಲಿ ಮತ್ತೊಂದು ತೊಡಕಿದೆ. ನೆಲ್ಲುಹುಲ್ಲಿನಲ್ಲಿ ಸೆಲ್ಯುಲೋಸ್ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಜೊತೆಗೆ ನೂರಕ್ಕೆ ಹತ್ತರ ಸುಮಾರು ಸಿಲಿಕಾ, ಅಂದರೆ ಮರಳಿನ ಜಾತಿಯ ಪದಾರ್ಥ. ಹುಲ್ಲನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದಾಗ ಸಿಲಿಕಾ ಕರಗಿ ಕಪ್ಪು ದ್ರಾವಣಕ್ಕೆ ಸೇರುತ್ತದೆ. ಮರ ಬೇಯಿಸುವ ದೊಡ್ಡ ಮಿಲ್ಲುಗಳು ಆ ದ್ರಾವಣವನ್ನು ಕುದಿಸಿ ಸುಟ್ಟು ಸೋಡಾವನ್ನು ವಾಪಸ್ ಪಡೆಯುತ್ತವೆ. ಹುಲ್ಲಿನ ದ್ರಾವಣದಲ್ಲಿ ಸಿಲಿಕಾ ಕೊಳವೆಗಳಿಗೆ ಗಚ್ಚಿನಂತೆ ಕಟ್ಟಿಕೊಂಡು ಆ ಕೆಲಸಕ್ಕೆ ಅಡ್ಡ ಬರುತ್ತದೆ. ಆದ್ದರಿಂದಲೇ ಕೃಷಿ ಉಳಿಕೆ ನಂಬಿದ ಎಷ್ಟೋ ಸಣ್ಣ ಮಿಲ್ಲುಗಳು ಕಪ್ಪು ನೀರನ್ನು ಹೊಳೆಗೆ ಬಿಟ್ಟವು, ಕೊನೆಗೆ ಬಾಗಿಲೂ ಹಾಕಿದವು.

ಈ ಮಾತನ್ನು ತುಂಗಭದ್ರೆಯ ನೀರು ಕುಡಿಯುವ ನಾವು ಮರೆಯಬಾರದು. ಹರಿಹರದ ಬಳಿ ರೇಯಾನ್ ನೂಲಿನ ಪಲ್ಪ್ ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1970ರ ದಶಕದಲ್ಲಿ ಶುರುವಾಯಿತು. ಅಲ್ಲಿ ತೆಗೆಯುವುದೂ ಸೆಲ್ಯುಲೋಸನ್ನೇ. 1980ರ ದಶಕದಲ್ಲಿ ನದಿಯಲ್ಲಿ ಮೀನುಗಳು ಸತ್ತವು. ದಡದ ಹಳ್ಳಿಗಳ ಜನ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದಂಥ ಸಂಸ್ಥೆಗಳು ಸೇರಿ ಹೋರಾಟ ಕಟ್ಟಿದರು. ಆ ಕಾರ್ಖಾನೆಗೆ ನೀಲಗಿರಿ ಬೆಳೆಸಲು ಗೋಮಾಳ ಕೊಟ್ಟದ್ದರ ವಿರುದ್ಧ 1987ರ ನವೆಂಬರಿನಲ್ಲಿ ಹಾವೇರಿ ಸೀಮೆಯ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಜನರಿಗೆ ಬೇಕಾದ ಗಿಡ ನೆಡುವ ಸತ್ಯಾಗ್ರಹ ನಡೆಯಿತು. ಅದೇ ನದಿ ಹೊಸಪೇಟೆಯ ಜಲಾಶಯದಲ್ಲಿ ನಿಂತು, ಕಾಲುವೆಯಾಗಿ ನಿಮ್ಮ ಗದ್ದೆಗೆ ಬರುತ್ತದೆ, ನಿಮ್ಮ ಮೀನಿನ ಹೊಂಡಕ್ಕೂ ಬರುತ್ತದೆ. ಎಳೆ ಎಷ್ಟೇ ಸಣ್ಣದಿರಲಿ, ಅದನ್ನು ತೆಗೆಯಲು ಬೇಯಿಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲ ಪ್ರಶ್ನೆಯಾಗಬೇಕು.

ಎರಡನೆಯ ಪ್ರಶ್ನೆ ಬೆಲೆಯದು. ದಾಂಡೇಲಿಯ ಕಾಗದದ ಮಿಲ್ಲಿಗೆ ಒಂದು ಕಾಲದಲ್ಲಿ ಉತ್ತರ ಕನ್ನಡದ ಕಾಡಿನ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗುತ್ತಿತ್ತು. 1970ರ ದಶಕದಲ್ಲಿ ಮಾಧವ ಗಾಡ್ಗೀಳರು ಆ ಬಿದಿರಿನ ಅಧ್ಯಯನಕ್ಕೆ ಇಳಿದಾಗ ಅದು ಕಣ್ಣೆದುರೇ ಬರಿದಾಗುತ್ತಿತ್ತು. ಪುಕ್ಕಟೆಯಾಗಿ ಸಿಕ್ಕದ್ದನ್ನು ಯಾರೂ ಜೋಪಾನ ಮಾಡುವುದಿಲ್ಲ. ಹುಲ್ಲು ವರ್ಷವರ್ಷ ಬರುತ್ತದೆ ನಿಜ, ಆದರೆ ನೆಲ್ಲು ಹೀರಿದ ಪೊಟ್ಯಾಶಿನಲ್ಲಿ ಹೆಚ್ಚಿನ ಪಾಲು ಇರುವುದು ಕಾಳಿನಲ್ಲಲ್ಲ, ಹುಲ್ಲಿನಲ್ಲಿ. ಲೋಡುಗಟ್ಟಲೆ ಹುಲ್ಲು ಹೊರಗೆ ಹೋದರೆ ಅಷ್ಟು ಪೊಟ್ಯಾಶ್ ಹೊಲದಿಂದ ಹೋಗುತ್ತದೆ. ಹುಲ್ಲಿನ ದರ ಗೊತ್ತು ಮಾಡುವಾಗ ಪೆಂಡಿ ಕಟ್ಟುವ ಕೂಲಿಯ ಜೊತೆ ಆ ಗೊಬ್ಬರದ ಬೆಲೆಯನ್ನೂ ಸೇರಿಸಿ ಕೇಳಿ. ದನಕ್ಕೆ ಬೇಕಾದಷ್ಟು ಹುಲ್ಲು ಮೊದಲು ಬಣವೆಗೆ ಹೋಗಲಿ.

ನನ್ನನ್ನು ಕೇಳಿದರೆ ಈ ಸೀಮೆಯಲ್ಲಿ ಶುರು ಮಾಡಬೇಕಾದದ್ದು ನೆಲ್ಲುಹುಲ್ಲಿನಿಂದ ಅಲ್ಲ, ಹತ್ತಿಯಿಂದ. ರಾಯಚೂರು ಹತ್ತಿಯ ದೊಡ್ಡ ಪೇಟೆ. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಅರಳೆ ಬೇರೆಯಾದ ಮೇಲೂ ಹತ್ತಿಕಾಳಿನ ಮೈಗೆ ಸಣ್ಣ ನವಿರು ಅಂಟಿಕೊಂಡಿರುತ್ತದೆ. ಅದಕ್ಕೆ ಲಿಂಟರ್ ಎನ್ನುತ್ತಾರೆ. ಹತ್ತಿಯ ನಾರಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸೆಲ್ಯುಲೋಸೇ. ಮರವನ್ನು ಗಡುಸು ಮಾಡುವ ಲಿಗ್ನಿನ್ ಎಂಬ ಪದಾರ್ಥ ಇಲ್ಲವೇ ಇಲ್ಲ ಎನ್ನಬಹುದು, ಸಿಲಿಕಾದ ಕಾಟವೂ ಇಲ್ಲ. ಬೇಯಿಸುವ ಕೆಲಸ ಕಡಿಮೆಯಾದಷ್ಟೂ ಕಪ್ಪು ನೀರು ಕಡಿಮೆ. ಮುಂಬೈನ ಮಾಟುಂಗಾದಲ್ಲಿ 1924ರಿಂದ ಹತ್ತಿಯ ಬಗ್ಗೆ ಕೆಲಸ ಮಾಡುತ್ತಿರುವ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿರ್ಕಾಟ್, 2015ರಲ್ಲಿ ನ್ಯಾನೊಸೆಲ್ಯುಲೋಸಿನ ಪ್ರಾಯೋಗಿಕ ಘಟಕವನ್ನು ತೆರೆಯಿತು. ಅವರು ಕೈ ಹಾಕಿದ ಕಚ್ಚಾ ಮಾಲು ಹತ್ತಿಯ ಉಳಿಕೆಯೇ. ನಮ್ಮ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಜಿನ್ನಿಂಗ್ ಮಾಲೀಕರು ಮತ್ತು ಒಂದು ರದ್ದಿ ಮಿಲ್ಲು ಸೇರಿ ಅವರ ಬಾಗಿಲು ತಟ್ಟಿದರೆ ಕೆಲಸ ಶುರುವಾಗಲು ಕಷ್ಟವಿಲ್ಲ. ಹತ್ತಿ ಕಟ್ಟಿಗೆ ಆಮೇಲಿನ ಮಾತು, ಅದು ಮರದ ಹಾಗೆ ಗಡುಸು, ಬೇಯಿಸಲು ಖರ್ಚು.

ಇಲ್ಲಿಯವರೆಗೆ ಹೊರದೇಶದ ಹೆಸರುಗಳನ್ನು ಬಹಳ ಹೇಳಿದೆ. ನಾರು ಮತ್ತು ಅಂಟಿನ ನಂಟು ನಮ್ಮ ನಾಡಿನ ಕೈಗಳಿಗೂ ಹೊಸದಲ್ಲ. ಕನ್ನಡ ನಾಡಿನಲ್ಲಿ ಕಡತ ಎಂಬ ಬರಹದ ಸಾಧನವಿತ್ತು. ಹತ್ತಿ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಕರಿ ಹಲಗೆಯಂತಾದ ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅವುಗಳ ದೊಡ್ಡ ಸಂಗ್ರಹವೇ ಇದೆ. ನಮ್ಮ ಹಳೆಯ ರಾಯಚೂರು ಜಿಲ್ಲೆಗೇ ಸೇರಿದ್ದ, ಈಗ ಕೊಪ್ಪಳ ಜಿಲ್ಲೆಯಲ್ಲಿರುವ ಕಿನ್ನಾಳದ ಚಿತ್ರಗಾರರು ಹಳೆಯ ಗೋಣಿತಟ್ಟಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಕಿಟ್ಟ ಎಂಬ ಹದ ತಯಾರಿಸುತ್ತಾರೆ. ಗೊಂಬೆಯ ಕೀಲುಗಳು ಅದರಿಂದ ಗಟ್ಟಿಯಾಗಿ ಕೂಡುತ್ತವೆ.

ಹುಣಸೆ ಬೀಜವೇ ಏಕೆ? ಅದರಲ್ಲಿ ಕ್ಸೈಲೋಗ್ಲೂಕನ್ ಎಂಬ ಪದಾರ್ಥ ತುಂಬಿದೆ. ಎಳೆಯ ಗಿಡದ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಎಳೆಯ ಮೈಗೆ ಅಂಟಿಕೊಂಡಿರುವ ಪದಾರ್ಥವೂ ಅದೇ. ಹೀಗಾಗಿ ಅದು ಸೆಲ್ಯುಲೋಸನ್ನು ಕಂಡರೆ ಬಿಡದೆ ಹಿಡಿಯುತ್ತದೆ. ಹತ್ತಿ ಮತ್ತು ಸೆಣಬಿನ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಹುಣಸೆ ಬೀಜದ ಪುಡಿಯನ್ನು ಬಳಸುತ್ತಾ ಬಂದದ್ದೂ ಈ ಗುಣದಿಂದಲೇ. ಕಾಗದ ವಿಜ್ಞಾನಿಗಳು ಈಗ ಹಾಳೆಯ ಬಲ ಹೆಚ್ಚಿಸಲು ಇದರ ಕಡೆ ನೋಡುತ್ತಿದ್ದಾರೆ. ನ್ಯಾನೊ ಎಳೆ ಸಂದನ್ನು ತುಂಬಿ, ಹುಣಸೆಯ ಅಂಟು ಅದನ್ನು ನಾರಿಗೆ ಹಿಡಿದಿಟ್ಟರೆ, ಎಳೆ ಸ್ವಲ್ಪ ಕಡಿಮೆ ಹಾಕಿದರೂ ನಡೆದೀತು ಎಂಬ ಆಸೆ ನನ್ನದು. ಪ್ರಯೋಗ ಮಾಡಿಯೇ ನೋಡಬೇಕಾದ ವಿಷಯವಿದು.

ಆ ಪ್ರಯೋಗದ ಮೊದಲ ಮೆಟ್ಟಿಲನ್ನು ಇಲ್ಲಿನ ವಿದ್ಯಾರ್ಥಿಗಳೇ ಹತ್ತಬಹುದು. ಗುಜರಿಯಿಂದ ಒಂದೇ ಬಗೆಯ ರಟ್ಟು ತನ್ನಿ, ಟೇಪು ಮತ್ತು ಪಿನ್ನು ತೆಗೆಯಿರಿ. ರಾತ್ರಿಯಿಡೀ ನೆನೆಸಿ, ಹೆಚ್ಚು ನೀರು ಹಾಕಿ ಮಿಕ್ಸಿಯಲ್ಲಿ ಸ್ವಲ್ಪವೇ ಹೊತ್ತು ತಿರುಗಿಸಿ. ನಾರು ಬಿಡಿಸಿಕೊಂಡರೆ ಸಾಕು, ತುಂಡಾಗಬಾರದು. ಆ ಪಲ್ಪನ್ನು ಮೂರು ಪಾಲು ಮಾಡಿ. ಒಂದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ಹುಣಸೆ ಬೀಜದ ಸಿಪ್ಪೆ ತೆಗೆದು ಪುಡಿ ಮಾಡಿ ಕುದಿಸಿದ ಸರಿಯನ್ನು, ನಾರಿನ ಒಣ ತೂಕದ ನೂರಕ್ಕೆ ಒಂದು ಪಾಲಿನ ಲೆಕ್ಕದಲ್ಲಿ ಬೆರೆಸಿ. ಮೂರನೆಯದಕ್ಕೆ, ಅದೇ ರಟ್ಟಿನ ಪಲ್ಪಿನಲ್ಲಿ ನೂರಕ್ಕೆ ಐದು ಪಾಲನ್ನು ಬೇರೆ ತೆಗೆದು, ಗ್ರೈಂಡರಿನ ಕಲ್ಲುಗಳ ನಡುವೆ ಬಹಳ ಹೊತ್ತು ಅರೆದು ನುಣ್ಣಗಾದದ್ದನ್ನು ಬೆರೆಸಿ. ಅದು ನ್ಯಾನೊಸೆಲ್ಯುಲೋಸ್ ಆಗುವುದಿಲ್ಲ, ಆದರೆ ಆ ದಿಕ್ಕಿನ ಮೊದಲ ಹೆಜ್ಜೆ. ಸೊಳ್ಳೆ ಪರದೆಯ ಜಾಲರಿ ಬಿಗಿದ ಚೌಕಟ್ಟಿನಲ್ಲಿ ಒಂದೇ ತೂಕದ ಹಾಳೆಗಳನ್ನು ಎತ್ತಿ, ಒಂದೇ ಭಾರದ ಕೆಳಗೆ ಒತ್ತಿ, ಒಂದೇ ನೆರಳಿನಲ್ಲಿ ಒಣಗಿಸಿ. ನೀರು ಬಸಿಯಲು ಪ್ರತಿಯೊಂದಕ್ಕೂ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳುವುದನ್ನು ಮರೆಯಬೇಡಿ. ಮಿಲ್ಲಿನವನು ಬಲಕ್ಕಿಂತ ಮೊದಲು ಕೇಳುವುದು ಅದನ್ನೇ. ಆಮೇಲೆ ಒಂದೇ ಅಗಲದ ಪಟ್ಟಿ ಕತ್ತರಿಸಿ, ಮೇಲಿನ ತುದಿಯನ್ನು ಬಿಗಿದು, ಕೆಳಗಿನ ತುದಿಗೆ ಸಣ್ಣ ಬಕೆಟ್ ಕಟ್ಟಿ, ಪಟ್ಟಿ ಹರಿಯುವವರೆಗೆ ನಿಧಾನವಾಗಿ ಮರಳು ಸುರಿಯಿರಿ. ಒಂದೊಂದು ಬಗೆಗೂ ಹತ್ತು ಪಟ್ಟಿಗಳಾದರೂ ಇರಲಿ, ಸರಾಸರಿಯ ಜೊತೆ ಅತಿ ಕಡಿಮೆಯದನ್ನೂ ಗುರುತು ಹಾಕಿ. ಬೇಸಿಗೆಯಲ್ಲಿ ಒಮ್ಮೆ, ಕಾಲುವೆಗೆ ನೀರು ಬಿಟ್ಟು ಗಾಳಿ ತೇವವಾದ ಮೇಲೆ ಇನ್ನೊಮ್ಮೆ ಮಾಡಿ. ಆ ಎರಡು ಪಟ್ಟಿ ಅಂಕಿಗಳನ್ನು ಕೈಯಲ್ಲಿ ಹಿಡಿದು ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಹೋಗಿ.